ಡ್ರೋಗ್ಬಾ: ಆಟ ಮುಗಿದ ಮೇಲಿನ ಕೀರ್ತಿ

ಆಫ್ರಿಕಾದ ಫಾರ್ವರ್ಡ್ ಆಟಗಾರರ ಹೆಸರು ಲೋಕಕ್ಕೆ ಹಬ್ಬಿದ ದಾರಿ ತಲೆಮಾರಿನಿಂದ ತಲೆಮಾರಿಗೆ ಬದಲಾಗಿದೆ. 1990ರ ವಿಶ್ವಕಪ್‌ನಲ್ಲಿ 38 ವರ್ಷದ ಕ್ಯಾಮರೂನಿನ ರೋಜರ್ ಮಿಲ್ಲಾ ಗೋಲು ಹೊಡೆದು ಕಾರ್ನರ್ ಧ್ವಜದ ಬಳಿ ಕುಣಿದದ್ದನ್ನು ಜನ ಟಿ.ವಿ.ಯಲ್ಲಿ ಕಂಡರು. ಮತ್ತೊಮ್ಮೆ ನೋಡಬೇಕೆಂದರೆ ಯಾವುದಾದರೂ ವಾಹಿನಿ ಅದನ್ನು ಮತ್ತೆ ಹಾಕುವವರೆಗೂ ಕಾಯಬೇಕಿತ್ತು. ಲೈಬೀರಿಯಾದ ಜಾರ್ಜ್ ವೇಯಾ 1996ರಲ್ಲಿ ವೆರೋನಾ ವಿರುದ್ಧ ಮೈದಾನದ ಉದ್ದಕ್ಕೂ ಚೆಂಡು ಒಯ್ದು ಹೊಡೆದ ಗೋಲನ್ನು ಇಂದು ನೋಡುವವರಲ್ಲಿ ಹೆಚ್ಚಿನವರು ಯೂಟ್ಯೂಬ್‌ನಲ್ಲೇ ಮೊದಲು ಕಂಡವರು.

ಐವರಿ ಕೋಸ್ಟ್‌ನ ದಿದಿಯೆ ಡ್ರೋಗ್ಬಾ ಅವರದು ಬೇರೆಯೇ ಕಥೆ. 2005ರ ಅಕ್ಟೋಬರ್ 8ರಂದು ಸುಡಾನಿನ ಓಮ್ದುರ್ಮಾನ್‌ನಲ್ಲಿ ಅವರ ತಂಡ 3–1ರಿಂದ ಗೆದ್ದಿತು. ಅತ್ತ ಕ್ಯಾಮರೂನ್ ಕೊನೆ ಗಳಿಗೆಯ ಪೆನಾಲ್ಟಿ ಕಳೆದುಕೊಂಡದ್ದರಿಂದ ಐವರಿ ಕೋಸ್ಟ್ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಆಗ ದೇಶ ಮೂರು ವರ್ಷದ ಅಂತರ್ಯುದ್ಧದಲ್ಲಿ ಉತ್ತರ–ದಕ್ಷಿಣವೆಂದು ಸೀಳಿಹೋಗಿತ್ತು. ಡ್ರೆಸಿಂಗ್ ರೂಮಿಗೆ ಬಂದ ಕ್ಯಾಮೆರಾದ ಮುಂದೆ ಡ್ರೋಗ್ಬಾ ಮೈಕ್ ಹಿಡಿದು, ಸಂಗಡಿಗರೊಂದಿಗೆ ಮೊಣಕಾಲೂರಿ, ಆಯುಧ ಕೆಳಗಿಡಿ, ಚುನಾವಣೆ ನಡೆಸಿ ಎಂದು ಬೇಡಿಕೊಂಡರು. ಯೂಟ್ಯೂಬ್ ಹುಟ್ಟಿದ್ದೂ ಅದೇ ವರ್ಷ. ಆ ತುಣುಕು ಇಂದಿಗೂ ಸುತ್ತುತ್ತಿದೆ, ‘ಯುದ್ಧ ನಿಲ್ಲಿಸಿದ ಆಟಗಾರ’ ಎಂಬ ತಲೆಬರಹದೊಂದಿಗೆ.

ಈ ತಲೆಬರಹಕ್ಕೆ ನನ್ನ ತಕರಾರಿದೆ. ಶಾಂತಿ ಒಪ್ಪಂದವಾದದ್ದು 2007ರ ಮಾರ್ಚ್‌ನಲ್ಲಿ, ವಾಗಡೂಗುವಿನಲ್ಲಿ, ಎರಡೂ ಕಡೆಯ ನಾಯಕರು ಮಾತುಕತೆಗೆ ಕೂತ ಮೇಲೆ. 2010ರ ಚುನಾವಣೆಯ ನಂತರ ಮತ್ತೆ ನೆತ್ತರು ಹರಿಯಿತು. ಆ ಮೊರೆಯ ಬೆಲೆ ಇದರಿಂದ ಕಡಿಮೆಯಾಗದು. 2007ರ ಜೂನ್‌ನಲ್ಲಿ ಮಡಗಾಸ್ಕರ್ ವಿರುದ್ಧದ ಪಂದ್ಯ ಬಂಡುಕೋರರ ನೆಲೆಯಾಗಿದ್ದ ಬುವಾಕೆಯಲ್ಲೇ ನಡೆಯಿತು. ಅಲ್ಲಿಗೆ ಹೋಗಿ ಆಡೋಣವೆಂದು ಪಟ್ಟುಹಿಡಿದವರು ಡ್ರೋಗ್ಬಾ. ನನ್ನ ಮಟ್ಟಿಗೆ ಆ ತುಣುಕಿಗಿಂತ ದೊಡ್ಡದು ಈ ಪಂದ್ಯ. ಆದರೆ ಅರ್ಧ ನಿಮಿಷದ ವಿಡಿಯೊದಲ್ಲಿ ಇದಕ್ಕೆ ಜಾಗವಿಲ್ಲ.

ಚೆಲ್ಸಿ ಕ್ಲಬ್ಬಿನ ದಿನಗಳ ತುಣುಕುಗಳಿಗೂ ಬರವಿಲ್ಲ. 2009ರಲ್ಲಿ ಬಾರ್ಸಿಲೋನಾ ಪಂದ್ಯದ ರೆಫರಿಯ ಮೇಲಿನ ಸಿಟ್ಟನ್ನು ಕ್ಯಾಮೆರಾಕ್ಕೇ ಕೂಗಿ ಹೇಳಿದ್ದು ಈಗ ಮೀಮ್. 2012ರ ಮ್ಯೂನಿಕ್ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 88ನೇ ನಿಮಿಷದ ಹೆಡರ್, ಆಮೇಲೆ ಗೆಲುವಿನ ಪೆನಾಲ್ಟಿ, ಪ್ರತಿ ಮೇ ತಿಂಗಳಲ್ಲೂ ಮರಳಿ ಬರುತ್ತವೆ. 2018ರಲ್ಲಿ ಅವರು ನಿವೃತ್ತರಾದರು. ಮರುವರ್ಷ ಫಿಫಾ 20 ವಿಡಿಯೊ ಗೇಮ್‌ನಲ್ಲಿ ‘ಐಕಾನ್’ ಆದರು. ಅವರ ಆಟವನ್ನು ನೇರವಾಗಿ ನೋಡದ ಹುಡುಗರಿಗೂ ಹೀಗೆ ಅವರು ಪರಿಚಿತರು.

ಈ ಕೀರ್ತಿಗೆ ತೂಕ ಬಂದದ್ದು 2020ರ ಏಪ್ರಿಲ್‌ನಲ್ಲಿ. ಕೋವಿಡ್ ವಿರುದ್ಧ ಲಸಿಕೆಯೊಂದರ ಪ್ರಯೋಗವನ್ನು ಆಫ್ರಿಕಾದಲ್ಲಿ ಮಾಡಬಾರದೇಕೆ ಎಂದು ಇಬ್ಬರು ಫ್ರೆಂಚ್ ವೈದ್ಯರು ಟಿ.ವಿ.ಯಲ್ಲಿ ಮಾತಾಡಿಕೊಂಡಾಗ, ಆಫ್ರಿಕನ್ನರು ಗಿನಿಪಿಗ್‌ಗಳಲ್ಲ ಎಂದು ಡ್ರೋಗ್ಬಾ ಟ್ವಿಟರ್‌ನಲ್ಲಿ ಖಂಡಿಸಿದರು. ಕ್ಯಾಮರೂನಿನ ಸ್ಯಾಮ್ಯುಯೆಲ್ ಎಟೊ ಅವರೂ ದನಿಗೂಡಿಸಿದರು. ಪತ್ರಿಕೆಯವರ ದಾರಿ ಕಾಯದೆ ಒಬ್ಬ ಮಾಜಿ ಆಟಗಾರ ಲೋಕಕ್ಕೆ ನೇರವಾಗಿ ಮಾತಾಡಿದ ಗಳಿಗೆಯದು. ಇದೇ ಜಾಲ 2022ರ ನವೆಂಬರ್‌ನಲ್ಲಿ, ಮುಸ್ಲಿಮರ ಜೊತೆ ಪ್ರಾರ್ಥನೆಯಲ್ಲಿ ನಿಂತ ಒಂದು ಫೋಟೊ ಹಿಡಿದು, ಅವರು ಮತಾಂತರವಾದರೆಂದು ಸುದ್ದಿ ಹಬ್ಬಿಸಿತು. ಸಹೋದರರಿಗೆ ಗೌರವ ತೋರಿದ್ದಷ್ಟೇ ಎಂದು ಅವರೇ ಬರೆಯಬೇಕಾಯಿತು.

ಆದರೆ ಅಭಿಮಾನಿಗಳ ಲೆಕ್ಕ ಮತಪೆಟ್ಟಿಗೆಗೆ ಇಳಿಯಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಐವರಿ ಕೋಸ್ಟ್ ಫುಟ್ಬಾಲ್ ಸಂಸ್ಥೆಯ ಅಧ್ಯಕ್ಷ ಹುದ್ದೆಗೆ ನಿಂತ ಡ್ರೋಗ್ಬಾ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಗೆದ್ದವರು ಇದ್ರಿಸ್ ಡಿಯಾಲೊ. ಅಲ್ಲಿ ಮತ ಹಾಕುವವರು ಮುಖ್ಯವಾಗಿ ಕ್ಲಬ್‌ಗಳ ಪ್ರತಿನಿಧಿಗಳು, ಬೀದಿಯ ಅಭಿಮಾನಿಗಳಲ್ಲ.