ವರ್ಷನ್ ಕಂಟ್ರೋಲ್

ತಂತ್ರಾಂಶದ ಸೋರ್ಸ್ ಕೋಡ್‌ನಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಿ, ಹಳೆಯ ರೂಪಗಳನ್ನು ಬೇಕೆಂದಾಗ ತೆಗೆದುಕೊಡುವ ವ್ಯವಸ್ಥೆ. ಪಹಣಿ ನೋಡಿದರೆ ಜಮೀನು ಇಂದು ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಅದು ಆ ಹೆಸರಿಗೆ ಬಂದ ಬಗೆ ತಿಳಿಯಲು ಮ್ಯುಟೇಶನ್ ರಿಜಿಸ್ಟರ್ ತೆರೆಯಬೇಕು. ತಂತ್ರಾಂಶ ಯೋಜನೆಯಲ್ಲಿ ಆ ರಿಜಿಸ್ಟರಿನ ಕೆಲಸವನ್ನು ಮಾಡುವುದು ವರ್ಷನ್ ಕಂಟ್ರೋಲ್. ಹಲವರು ಕೂಡಿ ಕೋಡ್ ಬರೆಯುವಾಗ ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳಿಸಿಹಾಕದಂತೆ ಕಾಯುವುದೂ ಇದರ ಹೊಣೆ.

ಈ ಬಗೆಯ ಮೊದಲ ಹೆಸರಾಂತ ಸಾಧನ ಎಸ್‌ಸಿಸಿಎಸ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಇದನ್ನು ಐಬಿಎಂ ಸಿಸ್ಟಂ/370 ಯಂತ್ರಕ್ಕಾಗಿ ಸ್ನೋಬಾಲ್ ಭಾಷೆಯಲ್ಲಿ ಬರೆದರು. ಬಳಿಕ ಯುನಿಕ್ಸ್‌ಗಾಗಿ ಸಿ ಭಾಷೆಯಲ್ಲಿ ಮತ್ತೆ ಬರೆದರು. ಆಗ ಡಿಸ್ಕ್ ಜಾಗ ದುಬಾರಿ. ಪ್ರತಿ ಆವೃತ್ತಿಯನ್ನೂ ಇಡಿಯಾಗಿ ಇಡುವ ಬದಲು ಬದಲಾದ ಸಾಲುಗಳನ್ನಷ್ಟೇ ಒಂದು ಕಡತದಲ್ಲಿ ಹೆಣೆದಿಡುವುದು ಇದರ ಜಾಣತನ. ಅದಕ್ಕಿಂತ ದೊಡ್ಡ ಸಂಗತಿಯೊಂದು 1975ರಲ್ಲಿ ಪ್ರಕಟವಾದ ರಾಕ್‌ಕೈಂಡರ ಪ್ರಬಂಧದಲ್ಲಿದೆ. ಬದಲಾವಣೆ ಮಾಡಿದವರು ಯಾರು, ಯಾವಾಗ, ಎಲ್ಲಿ ಎಂಬುದರ ಜೊತೆಗೆ ಏಕೆ ಎಂಬುದನ್ನೂ ದಾಖಲಿಸಬೇಕೆಂದು ಅವರು ಮೊದಲೇ ಗೊತ್ತುಮಾಡಿದ್ದರು. ಕೋಡ್ ಏನು ಮಾಡುತ್ತದೆ ಎಂಬುದನ್ನು ಓದಿ ತಿಳಿಯಬಹುದು. ಹಾಗೇಕೆ ಬರೆದರು ಎಂಬುದು ಬರೆದವರು ಹೇಳಿಟ್ಟರಷ್ಟೇ ಉಳಿಯುತ್ತದೆ. ದಾಖಲಾಗುವ ಪ್ರತಿ ಬದಲಾವಣೆಯ (ಕಮಿಟ್) ಜೊತೆ ಇಂದು ಬರೆದಿಡುವ ಕಮಿಟ್ ಮೆಸೇಜಿನ ಮೂಲ ಇಲ್ಲಿದೆ.

1982ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಖಿ ಆರ್‌ಸಿಎಸ್ ಹೊರತಂದರು. ಜನ ಹೆಚ್ಚಾಗಿ ಕೇಳುವುದು ಇತ್ತೀಚಿನ ಆವೃತ್ತಿಯನ್ನು ಎಂಬುದನ್ನು ಗಮನಿಸಿ, ಅದನ್ನು ಇಡಿಯಾಗಿ ಇಟ್ಟು, ಹಿಂದಿನವುಗಳನ್ನು ಅದರಿಂದ ಹಿಮ್ಮುಖವಾಗಿ ಪಡೆಯುವ ಏರ್ಪಾಡು ಮಾಡಿದರು. ಆದರೂ ಎಸ್‌ಸಿಸಿಎಸ್‌ನಂತೆ ಇಲ್ಲಿಯೂ ಕಡತವನ್ನು ತಿದ್ದಲು ತೆಗೆದುಕೊಂಡವರ ಹೆಸರಿನಲ್ಲಿ ಲಾಕ್ ಬೀಳುತ್ತಿತ್ತು. ಅವರು ಹಿಂದಿರುಗಿಸುವ ತನಕ ಉಳಿದವರು ಕಾಯಬೇಕು. ಬೀಗ ಹಾಕಿದವರು ರಜೆ ಮೇಲೆ ಹೋದರೆ ಕೆಲಸ ಅಲ್ಲಿಗೇ ನಿಂತಿತು.

ಬೀಗವಿಲ್ಲದೆಯೂ ನಡೆಯುತ್ತದೆ ಎಂದು ತೋರಿಸಿದ್ದು ಸಿವಿಎಸ್. ಆಮ್‌ಸ್ಟರ್‌ಡ್ಯಾಮಿನ ವ್ರೈಯ ವಿಶ್ವವಿದ್ಯಾಲಯದಲ್ಲಿ ಡಿಕ್ ಗ್ರೂನ ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ಸಿ ಕಂಪೈಲರ್ ಒಂದನ್ನು ಬರೆಯುತ್ತಿದ್ದರು. ಒಬ್ಬ ವಿದ್ಯಾರ್ಥಿ ಬೆಳಿಗ್ಗೆ ಬಂದು ಸಂಜೆ ಹೋಗುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಗ್ರೂನರಿಗೆ ಬಿಡುವು ಸಿಗುತ್ತಿದ್ದುದು ಸಂಜೆ ಮಾತ್ರ. ಇಂಥ ಮೂವರಿಗೆ ಲಾಕ್ ಒಗ್ಗುವುದಿಲ್ಲ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಪ್ರತಿಯನ್ನು ತಿದ್ದಿ, ಕೊನೆಗೆ ಎಲ್ಲವನ್ನೂ ಮರ್ಜ್ ಮಾಡುವ, ಅಂದರೆ ಒಂದಾಗಿ ಕೂಡಿಸುವ, ಶೆಲ್ ಸ್ಕ್ರಿಪ್ಟ್‌ಗಳನ್ನು ಅವರು ಆರ್‌ಸಿಎಸ್ ಮೇಲೆ ಕಟ್ಟಿ, 1986ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಬ್ರಯನ್ ಬರ್ಲಿನರ್ 1989ರಿಂದ ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ರೂಪಿಸಿದರು. ಹೀಗೆ ಕೂಡಿಸುವ ಯೋಚನೆಗೆ ನೆಲ ಆಗಲೇ ಹದವಾಗಿತ್ತು: ಎರಡು ಕಡತಗಳ ವ್ಯತ್ಯಾಸ ತೋರಿಸುವ ಡಿಫ್ 1974ರಿಂದಲೇ ಯುನಿಕ್ಸ್‌ನಲ್ಲಿತ್ತು. ಆ ವ್ಯತ್ಯಾಸವನ್ನು ಬೇರೊಂದು ಪ್ರತಿಗೆ ಹಚ್ಚುವ ಪ್ಯಾಚ್ ಅನ್ನು ಲ್ಯಾರಿ ವಾಲ್ 1985ರಲ್ಲಿ ಬರೆದಿದ್ದರು. ಮರ್ಜ್ ಮಾಡುವಾಗ, ಇಬ್ಬರು ಬೇರೆ ಬೇರೆ ಸಾಲುಗಳನ್ನು ತಿದ್ದಿದ್ದರೆ ಯಂತ್ರವೇ ಕೂಡಿಸುತ್ತದೆ. ಒಂದೇ ಸಾಲಿಗೆ ಇಬ್ಬರೂ ಕೈಹಾಕಿದ್ದರೆ ಮಾತ್ರ ಮನುಷ್ಯರು ಕೂತು ತೀರ್ಮಾನಿಸಬೇಕು. ಈ ಇತಿಹಾಸದ ನಿಜವಾದ ತಿರುವು ಇದೇ ಎನ್ನಬೇಕು. ಮುಂದೆ ಬಂದ ಗಿಟ್‌ಗೆ ಸಲ್ಲುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಗ್ರೂನ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳಿಗೆ ಸೇರಬೇಕು. ಸಹೋದ್ಯೋಗಿಗಳನ್ನು ನಂಬಿ ಕೆಲಸ ಬಿಟ್ಟುಕೊಟ್ಟರೆ ಜಗಳಕ್ಕಿಂತ ಲಾಭವೇ ಹೆಚ್ಚು ಎಂಬುದನ್ನು ಅವರು ಮಾಡಿ ತೋರಿಸಿದ್ದರು. 1995ರಲ್ಲಿ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ಯೋಜನೆ ತನ್ನ ಸಿವಿಎಸ್ ರೆಪಾಸಿಟರಿಯನ್ನು (ಕೋಡ್ ಮತ್ತು ಅದರ ಚರಿತ್ರೆಯ ಭಂಡಾರವನ್ನು) ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿತು.

ಸಿವಿಎಸ್‌ಗೆ ಕುಂದುಗಳೂ ಇದ್ದವು. ಹತ್ತು ಕಡತಗಳ ಬದಲಾವಣೆ ಸೇರಿಸುವಾಗ ನಡುವೆ ಸಂಪರ್ಕ ಕಡಿದರೆ ಅರ್ಧ ಸೇರಿ ಅರ್ಧ ಉಳಿಯುತ್ತಿತ್ತು; ಕಡತದ ಹೆಸರು ಬದಲಿಸಿದರೆ ಅದರ ಚರಿತ್ರೆಯ ಎಳೆ ತಪ್ಪುತ್ತಿತ್ತು. ಇವನ್ನು ಸರಿಪಡಿಸಲೆಂದೇ 2000ದಲ್ಲಿ ಶುರುವಾದ ಸಬ್‌ವರ್ಷನ್‌ನ 1.0 ಆವೃತ್ತಿ 2004ರಲ್ಲಿ ಬಂತು.

ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ದಾರಿ ಬೇರೆ. 1991ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಇಮೇಲಿನಲ್ಲಿ ಬಂದ ಪ್ಯಾಚ್‌ಗಳನ್ನು ತಾವೇ ಸೇರಿಸುತ್ತಿದ್ದರು. 2002ರಲ್ಲಿ ಲ್ಯಾರಿ ಮೆಕ್‌ವಾಯ್ ಅವರ ಬಿಟ್‌ಕೀಪರ್ ಬಳಕೆಗೆ ಬಂತು. ಇದರಲ್ಲಿ ಪ್ರತಿಯೊಬ್ಬರ ಬಳಿಯೂ ಪೂರ್ಣ ರೆಪಾಸಿಟರಿ ಇರುತ್ತದೆ, ಕೇಂದ್ರ ಸರ್ವರಿನ ಹಂಗಿಲ್ಲ. ಆದರೆ ಆಗ ಅದು ಖಾಸಗಿ ತಂತ್ರಾಂಶವಾಗಿತ್ತು. ಉಚಿತವಾಗಿ ಬಳಸುವವರು ಪೈಪೋಟಿಯ ಸಾಧನ ಕಟ್ಟಬಾರದು ಎಂಬ ಷರತ್ತಿತ್ತು. ಪ್ರೋಗ್ರಾಮರ್ ಆಂಡ್ರ್ಯೂ ಟ್ರಿಜೆಲ್ ಅದರ ಸಂವಹನ ವಿಧಾನವನ್ನು ಬಿಡಿಸಿ ನೋಡಲು ಹೊರಟದ್ದು ವಿವಾದವಾಗಿ, 2005ರಲ್ಲಿ ಉಚಿತ ಬಳಕೆ ನಿಂತಿತು. ಟೋರ್ವಾಲ್ಡ್ಸ್ ಏಪ್ರಿಲ್ 3ರಂದು ಗಿಟ್ ಎಂಬ ಹೊಸ ಸಾಧನ ಬರೆಯತೊಡಗಿದರು. ಏಪ್ರಿಲ್ 7ಕ್ಕೆ ಗಿಟ್ ತನ್ನದೇ ಕೋಡನ್ನು ನೋಡಿಕೊಳ್ಳುತ್ತಿತ್ತು. ಅದೇ ತಿಂಗಳು ಮರ್ಕ್ಯುರಿಯಲ್ ಎಂಬ ಅಂಥದೇ ಸಾಧನವೂ ಹುಟ್ಟಿತು. ಜುಲೈನಿಂದ ಗಿಟ್‌ನ ಹೊಣೆ ಜುನಿಯೊ ಹಮಾನೊ ಅವರದಾಯಿತು.

ಗಿಟ್‌ಗೆ ಬಂದ ಲಿನಕ್ಸ್ ರೆಪಾಸಿಟರಿಯ ಮೊದಲ ಕಮಿಟ್ 2.6.12ರ ಪರೀಕ್ಷಾ ಆವೃತ್ತಿ. ಹಿಂದಿನ ಚರಿತ್ರೆ ಸೇರಿಸಿದರೆ ಸುಮಾರು 3.2 ಜಿಬಿ ಆಗುತ್ತದೆ, ಆರಂಭದಲ್ಲೇ ತೊಡಕು ಬೇಡ ಎಂದು ಟೋರ್ವಾಲ್ಡ್ಸ್ ಅದನ್ನು ಬಿಟ್ಟುಬಿಟ್ಟರು. ಹೀಗಾಗಿ ಕರ್ನೆಲ್‌ನ ಹಳೆಯ ಸಾಲೊಂದನ್ನು ಬರೆದವರು ಯಾರೆಂದು ಇಂದು ಹುಡುಕಿದರೆ ಬಹಳ ಸಲ ಈ ಕಮಿಟ್‌ಗೆ ಬಂದು ನಿಲ್ಲಬೇಕಾಗುತ್ತದೆ. ಹಳೆಯ ಚರಿತ್ರೆಯನ್ನು ಬೇರೆಯವರು ಪ್ರತ್ಯೇಕ ರೆಪಾಸಿಟರಿಯಾಗಿ ಜೋಡಿಸಿದ್ದಾರೆ.

ಗಿಟ್‌ನಲ್ಲಿ ಪ್ರತಿ ಕಮಿಟ್‌ಗೂ ಅದರ ಒಳಗಿರುವುದನ್ನೇ ಲೆಕ್ಕಹಾಕಿ ಪಡೆದ 40 ಅಕ್ಷರಗಳ ಗುರುತು ಇರುತ್ತದೆ. ಆ ಲೆಕ್ಕದಲ್ಲಿ ಹಿಂದಿನ ಕಮಿಟ್‌ನ ಗುರುತೂ ಸೇರುತ್ತದೆ. ಆದ್ದರಿಂದ ಹಳೆಯ ಕಮಿಟ್‌ನಲ್ಲಿ ಯಾರಾದರೂ ಗುಟ್ಟಾಗಿ ಒಂದಕ್ಷರ ತಿದ್ದಿದರೂ ಮುಂದಿನ ಎಲ್ಲ ಗುರುತುಗಳು ಬದಲಾಗಿ, ತಿದ್ದಿದವರು ಸಿಕ್ಕಿಬೀಳುತ್ತಾರೆ. ಇದಕ್ಕೆ ಬಳಸಿದ ಶಾ-1 ವಿಧಾನ ದುರ್ಬಲವೆಂದು 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಮತ್ತು ಗೂಗಲ್ ಸಂಶೋಧಕರು ಒಂದೇ ಗುರುತಿನ ಎರಡು ಪಿಡಿಎಫ್‌ಗಳನ್ನು ಸೃಷ್ಟಿಸಿ ತೋರಿಸಿದರು. ಶಾ-256ರ ಬಳಕೆಗೆ ಗಿಟ್ ಆಮೇಲೆ ದಾರಿ ಮಾಡಿಕೊಂಡಿತು.

ಗಿಟ್ ರೆಪಾಸಿಟರಿಗಳನ್ನು ಇಡುವ ತಾಣವಾಗಿ 2008ರಲ್ಲಿ ತೆರೆದ ಗಿಟ್‌ಹಬ್, ತಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂದು ಯೋಜನೆಯವರನ್ನು ಕೋರುವ ಪುಲ್ ರಿಕ್ವೆಸ್ಟ್ ಪದ್ಧತಿಯನ್ನು ಮನೆಮಾತಾಗಿಸಿತು. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರಿಗೆ ಕೊಂಡಿತು. ಎಲ್ಲರ ಕೋಡ್ ಕೆಲವೇ ಕಂಪನಿಗಳ ಸರ್ವರಿನಲ್ಲಿ ಕೂತಿರುವುದು ನೆಮ್ಮದಿಯ ಸಂಗತಿಯಲ್ಲ: ಕೋಡ್ ಇಡುವ ಗೂಗಲ್ ಕೋಡ್ ಎಂಬ ತಾಣ 2016ರಲ್ಲಿ ಮುಚ್ಚಿತು. ಅದೇ ವರ್ಷ ಫ್ರಾನ್ಸಿನ ಇನ್ರಿಯಾ ಸಂಸ್ಥೆ ಸಾರ್ವಜನಿಕ ಸೋರ್ಸ್ ಕೋಡನ್ನು ಸಂಗ್ರಹಿಸಿಡಲು ಸಾಫ್ಟ್‌ವೇರ್ ಹೆರಿಟೇಜ್ ಭಂಡಾರವನ್ನು ಲೋಕಾರ್ಪಣೆ ಮಾಡಿತು.

ಕನ್ನಡದ ಲೋಹಿತ್, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟುಗಳು ಗಿಟ್ ರೆಪಾಸಿಟರಿಗಳಲ್ಲಿ ದೊರೆಯುತ್ತವೆ. ಕನ್ನಡ ಬರಹವನ್ನೂ ಹೀಗೆ ಇಡಬಹುದು, ಒಂದೆರಡು ತೊಡಕು ಗೊತ್ತಿದ್ದರೆ ಸಾಕು. ಡಿಫ್ ಸಾಲು ಸಾಲಾಗಿ ಹೋಲಿಸುವುದರಿಂದ, ಇಡೀ ಪ್ಯಾರಾ ಒಂದೇ ಸಾಲಿನಲ್ಲಿದ್ದರೆ ಒಂದು ಒತ್ತಕ್ಷರ ತಿದ್ದಿದರೂ ಪ್ಯಾರಾ ಪೂರ್ತಿ ಬದಲಾದಂತೆ ಕಾಣುತ್ತದೆ. ಪದ ಪದವಾಗಿ ಹೋಲಿಸುವ ಆಯ್ಕೆ ಗಿಟ್‌ನಲ್ಲೇ ಇದೆ. ಕಡತದ ಹೆಸರು ಕನ್ನಡದಲ್ಲಿದ್ದರೆ ಗಿಟ್ ತೋರಿಸುವ ಪಟ್ಟಿಯಲ್ಲಿ ‘ಕ’ ಅಕ್ಷರದ ಜಾಗದಲ್ಲಿ \340\262\225 ಎಂಬ ಅಂಕಿಗಳು ಕಾಣುತ್ತವೆ. ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಆಫ್ ಮಾಡಿದರೆ ಹೆಸರು ಕನ್ನಡದಲ್ಲೇ ಬರುತ್ತದೆ.