ಸಾವಿರ ಡಾಲರಿನ ಕಲ್ಲುಗಳು

1848ನೆಯ ಸೆಪ್ಟೆಂಬರ್ 13ರ ಸಂಜೆ, ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದಾಗ, ಮೂರೂವರೆ ಅಡಿಗೂ ಮಿಕ್ಕ ಕಬ್ಬಿಣದ ಸಲಾಕೆಯೊಂದು ಮೇಸ್ತ್ರಿ ಫಿನಿಯಾಸ್ ಗೇಜನ ಎಡಗೆನ್ನೆಯಲ್ಲಿ ಹೊಕ್ಕು ನೆತ್ತಿಯಲ್ಲಿ ಹೊರಬಿತ್ತು. ಆತ ಬದುಕಿದ. ಇಷ್ಟು ಬಹುಮಂದಿ ಬಲ್ಲ ಕಥೆ. ನನ್ನನ್ನು ಕಾಡುವುದು ಬೇರೆ: ಆತ ಗುಣವಾದನೇ ಇಲ್ಲವೇ ಎಂಬುದನ್ನು ಯಾವ ಅಳತೆಗೋಲಿನಿಂದ ಅಳೆದರು?

ಚಿಕಿತ್ಸೆ ಮಾಡಿದ ಡಾಕ್ಟರ್ ಹಾರ್ಲೊ, ಪೆಟ್ಟು ಬಿದ್ದು ಎಷ್ಟು ದಿನವಾಯಿತೆಂದು ಕೇಳಿದರು. ಇಂದು ನಾಲ್ಕೂವರೆಗೆ ಸರಿಯಾಗಿ ನಾಲ್ಕು ವಾರವೆಂದು ಗೇಜ್ ಉತ್ತರಕೊಟ್ಟ. ಲೆಕ್ಕ ತಪ್ಪಿರಲಿಲ್ಲ! ಆದರೆ ಹಳೆಯ ಹೊಳೆಯ ಪಾತ್ರದಲ್ಲಿ ಆಯ್ದಿದ್ದ ನಾಲ್ಕಾರು ಕಲ್ಲುಗಳನ್ನು ಸಾವಿರ ಡಾಲರಿಗೂ ಕೊಡಲೊಲ್ಲ. ನೆನಪು ಉಳಿದಿತ್ತು, ಬೆಲೆ ಕಟ್ಟುವ ವಿವೇಕ ಉಳಿದಿರಲಿಲ್ಲ. ಉತ್ತರಪತ್ರಿಕೆ ತಿದ್ದುವ ನಾನು ಬಲ್ಲೆ, ಮೊದಲನೆಯದಕ್ಕೆ ಅಂಕ ಕೊಡುವುದು ಸುಲಭ.

1850ರಲ್ಲಿ ಹಾರ್ವರ್ಡಿನ ಬಿಗೆಲೊ ಅವರು ಗೇಜನನ್ನು ಕರೆಸಿ ನೋಡಿದ ಫಲವನ್ನು ಪ್ರಕಟಿಸಿ, ದೇಹ ಮನಸ್ಸುಗಳೆರಡೂ ಸಾಕಷ್ಟು ಸುಧಾರಿಸಿವೆ ಎಂದರು. ಹಾರ್ಲೊ 1868ರಲ್ಲಿ ಬರೆದದ್ದು ತದ್ವಿರುದ್ಧ: ಚಂಚಲ, ಬಾಯಿ ಸಡಿಲ, ಗೆಳೆಯರ ಪಾಲಿಗೆ ಆತ ಹಿಂದಿನ ಗೇಜೇ ಅಲ್ಲ. ಹಳೆಯ ಧಣಿಗಳು ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಲಿಲ್ಲ.

ಈ ನಡುವೆ, 1852ರಲ್ಲಿ, ಗೇಜ್ ಚಿಲಿ ದೇಶಕ್ಕೆ ಹೋಗಿ ಸುಮಾರು ಏಳು ವರ್ಷ ಕುದುರೆಗಳನ್ನು ನೋಡಿಕೊಂಡು, ಆರು ಕುದುರೆಗಳ ಭಾರಿ ಕೋಚುಗಾಡಿಯನ್ನೂ ಓಡಿಸಿದ. ದಾರಿಯ ಜ್ಞಾನ, ಹೊತ್ತಿನ ಲೆಕ್ಕ, ಪ್ರಯಾಣಿಕರೊಡನೆ ಮಾತು, ಎಲ್ಲವೂ ಬೇಕಾದ ಕೆಲಸವದು. ಇದನ್ನು ನೋಡಲು ಆ ಇಬ್ಬರು ಡಾಕ್ಟರರಲ್ಲಿ ಯಾರೂ ಅಲ್ಲಿರಲಿಲ್ಲ. 1860ರಲ್ಲಿ ಅಪಸ್ಮಾರದ ಸೆಳೆತಕ್ಕೆ ಸಿಕ್ಕು ಗೇಜ್ ತೀರಿಕೊಂಡ. ಮುಂದೆ ಹಾರ್ಲೊ ಆತನ ತಲೆಬುರುಡೆಯನ್ನು ತರಿಸಿಕೊಂಡು ನೋಡಿದರು. ಈಗ ಅದು ಆ ಸಲಾಕೆಯೊಡನೆ ಹಾರ್ವರ್ಡಿನ ವಸ್ತುಸಂಗ್ರಹಾಲಯದಲ್ಲಿದೆ.