ಗಾಯಗೊಂಡವನಿಗೆ ರೇಷ್ಮೆ ಬಟ್ಟೆ

ಅಂತರಸನಹಳ್ಳಿಯ ನಮ್ಮ ಮನೆಗೆ ಬೇಸಿಗೆ ರಜೆಯಲ್ಲಿ ತಂಗಿಯ ಮಕ್ಕಳು ಬಂದರೆ ಊಟದ ಹೊತ್ತಿಗೆ ಒಂದು ಜಗಳ ಇದ್ದೇ ಇರುತ್ತದೆ. ಈ ಸಲದ್ದು ಬಾಕ್ಸಿಂಗ್. ಲೋಕದಲ್ಲಿ ಎಲ್ಲರಿಗಿಂತ ದೊಡ್ಡ ಬಾಕ್ಸರ್ ಯಾರು ಎಂದು! ಹುಡುಗ ಮಹಮ್ಮದ್ ಅಲಿಯ ಕಡೆ. 1964, 1974, 1978ರಲ್ಲಿ ಮೂರು ಸಲ ಹೆವಿವೇಟ್ ಪಟ್ಟ ಗೆದ್ದವನು, ವಿಯೆಟ್ನಾಂ ಯುದ್ಧಕ್ಕೆ ಸೈನ್ಯ ಸೇರಲಾರೆ ಎಂದು 1967ರಲ್ಲಿ ಇದ್ದ ಪಟ್ಟವನ್ನೂ ಕಳೆದುಕೊಂಡವನು. ಹುಡುಗಿ ಬಿಡಬೇಕಲ್ಲ? "ಮೇರಿ ಕೋಮ್ ಆರು ಸಲ ವಿಶ್ವ ಚಾಂಪಿಯನ್ ಕಣೋ. ಆರನೆಯದು 2018ರಲ್ಲಿ, ಮೂರು ಗಂಡುಮಕ್ಕಳನ್ನು ಹೆತ್ತಮೇಲೆ. ದೊಡ್ಡಮ್ಮ, ನೀನೇ ಹೇಳು" ಎಂದು ನನ್ನ ಕಡೆ ತಿರುಗಿದಳು.

ಒಬ್ಬನದು ತೊಂಬತ್ತು ಕಿಲೋ ದಾಟಿದ ಮೈ, ಇನ್ನೊಬ್ಬಳದು ನಲವತ್ತೆಂಟು. ಹೇಗೆ ತೂಗುವುದು? ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿ, ಅವರ ಊಟ, ಸಾಮುಗಳನ್ನೂ ಅಲ್ಲಿ ಹೇಳಿದೆ. ಈ ತೂಕದ ತಕರಾರು ನಮಗೆ ಹೊಸದೇನಲ್ಲ.

ಗುದ್ದಾಟವೂ ಹೊಸದಲ್ಲ. ಮೈಸೂರಿನ ವಜ್ರಮುಷ್ಟಿ ಕಾಳಗವನ್ನು ನೀವು ಟಿ.ವಿ.ಯಲ್ಲಾದರೂ ನೋಡಿರುತ್ತೀರಿ. ವಿಜಯದಶಮಿಯಂದು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ, ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು ಇಳಿಯುತ್ತಾರೆ. ಬಲಗೈ ಬೆರಳುಗಳಿಗೆ ಮುಳ್ಳಿನಂಥ ಮೊನೆಗಳಿರುವ ವಜ್ರಮುಷ್ಟಿ. ಹಿಂದೆ ಅದನ್ನು ಕೊಂಬಿನಲ್ಲಿ, ದಂತದಲ್ಲಿ ಮಾಡುತ್ತಿದ್ದರು. ಸುತ್ತುಗಳಿಲ್ಲ, ಅಂಕಗಳಿಲ್ಲ, ಹತ್ತರವರೆಗೆ ಎಣಿಸುವವರಿಲ್ಲ. ಯಾರದೋ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿತೋ, ಆಟ ಮುಗಿಯಿತು. ನಾವು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮುಗಿದುಹೋಗುತ್ತದೆ. ಆಮೇಲೆ ಅರಸರ ವಿಜಯಯಾತ್ರೆ ಬನ್ನಿ ಪೂಜೆಗೆ ಹೊರಡುತ್ತದೆ. ಹೀಗೆ ಮೈ ಮುರಿಯುವ ವಿದ್ಯೆ ಕಲಿತ ಜಟ್ಟಿಗಳೇ ಮುರಿದ ಮೂಳೆ ಕೂಡಿಸುವುದರಲ್ಲೂ ಹೆಸರಾದವರು. ರಕ್ತ ನೋಡುವ ಆಟ ನನಗಂತೂ ಒಗ್ಗದು, ಆದರೆ ಈ ಮಾತನ್ನು ಹೇಳದಿರಲಾರೆ.

ಇದರ ಬೇರು ಹಂಪೆಯ ಮಹಾನವಮಿಯಲ್ಲಿದೆ. ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿಗೆ, ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ. ರಾಜನಲ್ಲಿ ಸಾವಿರ ಮಂದಿ ಜಟ್ಟಿಗಳಿದ್ದರಂತೆ. ಕೈಯಲ್ಲಿ ಮೊನೆಯುಳ್ಳ ಬಳೆಗಳನ್ನು ಹಿಡಿದು ಒಬ್ಬರನ್ನೊಬ್ಬರು ಹೊಡೆದು ಗಾಯಮಾಡುತ್ತಿದ್ದರಂತೆ. ಕೊನೆಗೆ ಎಲ್ಲರಿಗಿಂತ ಹೆಚ್ಚು ಗಾಯಗೊಂಡವನು ಹೋಗಿ ರಾಜನಿಂದ ರೇಷ್ಮೆ ಬಟ್ಟೆ ಪಡೆಯುತ್ತಿದ್ದನಂತೆ! ಹೊಡೆದವನಿಗಲ್ಲ, ತಿಂದವನಿಗೆ. ನಮ್ಮ ಮಕ್ಕಳ ಪಟ್ಟಿಗಳೆಲ್ಲ ಎಷ್ಟು ಜನರನ್ನು ಕೆಡವಿದ ಎಂಬ ಲೆಕ್ಕದವು. ಹಂಪೆಯಲ್ಲಿ ಲೆಕ್ಕವೇ ಬೇರೆ. ಮುಖ್ಯೋಪಾಧ್ಯಾಯರ ಕೋಪ, ಮನೆಯವರ ಸಿಡುಕು ಎರಡನ್ನೂ ಉಂಡು ಸಂಜೆ ಒಲೆ ಹಚ್ಚುವ ನಮ್ಮಂಥವರಿಗೆ ಈ ಲೆಕ್ಕ ಸ್ವಲ್ಪ ಹಿಡಿಸೀತು.

ಆ ಸಾವಿರ ಜನರಲ್ಲಿ ಒಬ್ಬನ ಹೆಸರನ್ನೂ ನೂನಿಜ್ ಹೇಳಿಲ್ಲ. ಆದರೆ ಮುಂದೆ ರಾಜನ ಅರಮನೆಯ ಹೆಂಗಸರನ್ನು ಎಣಿಸುವಾಗ ಒಂದು ಮಾತು ಸೇರಿಸುತ್ತಾನೆ: ಅಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರು. ಅಷ್ಟೇ. ಅವರ ಪಕ್ಕದಲ್ಲೇ ಶಕುನ ಹೇಳುವವರು, ಅರಮನೆಯ ಒಳಗಿನ ಖರ್ಚಿನ ಲೆಕ್ಕ ಬರೆಯುವ ಹೆಂಗಸರು. ಆ ಲೆಕ್ಕದವಳು ಬರೆದ ಒಂದು ಓಲೆ ಸಿಕ್ಕಿದ್ದರೂ ಕುಸ್ತಿಯವಳಿಗೆ ಎಷ್ಟು ಹಾಲು, ಎಷ್ಟು ತುಪ್ಪ ಸಂದಿತೆಂದು ತಿಳಿಯುತ್ತಿತ್ತು, ಜತೆಗೊಂದು ಹೆಸರೂ ಇರುತ್ತಿತ್ತೇನೋ. 1565ರ ಯುದ್ಧದ ನಂತರ ಊರೇ ಹಾಳಾಯಿತು.

ಗಂಡಸರ ಬಾಕ್ಸಿಂಗ್ ಒಲಿಂಪಿಕ್ಸ್ ಸೇರಿದ್ದು 1904ರಲ್ಲಿ, ಹೆಂಗಸರದು 2012ರಲ್ಲಿ. ನೂರೆಂಟು ವರ್ಷ! ಆ ಮೊದಲ ಸಲವೇ ಲಂಡನ್ನಿನಲ್ಲಿ ಮೇರಿ ಕೋಮ್ ಕಂಚು ತಂದಳು. ಅದೂ ತನಗೆ ಒಗ್ಗಿದ 48 ಕಿಲೋ ವಿಭಾಗ ಅಲ್ಲಿ ಇರಲಿಲ್ಲವೆಂದು, 51 ಕಿಲೋದವರೊಡನೆ ಸೆಣಸಿ. ಅಲಿ ದೊಡ್ಡವನೇ, ಅದರಲ್ಲಿ ಮಾತಿಲ್ಲ. ಆದರೆ ಅವನಿಗೆ ಏರಲು ಕಣವಾದರೂ ಸಿದ್ಧವಿತ್ತು. ನನ್ನ ಓಟು ಹುಡುಗಿಯ ಕಡೆಗೇ.

ವಜ್ರಮುಷ್ಟಿ ಇಂದಿಗೂ ಗಂಡಸರದೇ. ಆದರೆ ಮೈಸೂರು ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಂದ್ಯವಿದೆ, 'ದಸರಾ ಕಿಶೋರಿ' ಎಂಬ ಬಿರುದಿದೆ. ಗೆದ್ದವಳ ಹೆಸರೂ ಊರೂ ಪೇಪರಿನ ಒಳಪುಟದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಬರುತ್ತದೆ. ಕಂಡರೆ ಕತ್ತರಿಸಿ, ಇತಿಹಾಸದ ನೋಟ್ಸ್ ಪುಸ್ತಕದಲ್ಲಿ ಹಂಪೆಯ ಪಾಠ ಇರುವ ಹಾಳೆಗೆ ಅಂಟಿಸಿಡುತ್ತೇನೆ.